ನಾವು ಮೆತ್ತಗೆ ಮಾಡಿದ ಸಾಲುಗಳು

ನಮ್ಮ ಆಫೀಸು ಇರುವುದು ಸಹಕಾರ ನಗರದಲ್ಲಿ, ಹಳೆಯ ಒಕ್ಕಲು ಮನೆತನದವರೊಬ್ಬರು ಕಟ್ಟಿಸಿದ ಕಟ್ಟಡದ ಮೂರನೇ ಮಹಡಿಯಲ್ಲಿ. ನಾಲ್ಕನೆಯದರಲ್ಲಿ ಮಾಲೀಕರೇ ಇದ್ದಾರೆ. ಕೆಳಗೆ ಕಾರು ನಿಲ್ಲಿಸುವ ಜಾಗದ ಒಂದು ಮೂಲೆಯಲ್ಲಿ ಅವರ ಎರಡು ಹಸುಗಳೂ ಇವೆ. ನಮಗೆ ಕೆಲಸ ಕೊಡಲು ಬರುವ ದೊಡ್ಡ ಕಂಪನಿಯವರಿಗೆ ಆ ಹಸುಗಳನ್ನು ಕಂಡರೆ ಬಹಳ ಖುಷಿ, ಸಗಣಿ ತುಳಿಯುವವರೆಗೆ.

ನಾವು ಮಾಡುವ ಕೆಲಸವನ್ನು ಇಷ್ಟು ವರ್ಷವಾದರೂ ನಮ್ಮಮ್ಮನಿಗೆ ಅರ್ಥ ಮಾಡಿಸಲು ಆಗಿಲ್ಲ. ಫೋನಿನ ಪರದೆಯ ಮೇಲೆ ನೀವು ಓದುವ ಪ್ರತಿ ಮಾತನ್ನೂ ಯಾರೋ ಕೂತು ಬರೆದಿರುತ್ತಾರೆ. ಯಾವ ಮಾತು ಮೊದಲು ಬರಬೇಕು, ಯಾವುದು ಆಮೇಲೆ, ಯಾವುದನ್ನು ಹೇಳದೆಯೇ ಬಿಡಬೇಕು ಎಂದು ಮೂರು ನಾಲ್ಕು ಜನ ಅರ್ಧ ದಿನ ಜಗಳವಾಡಿರುತ್ತಾರೆ. ಆ ಜಗಳಕ್ಕೆ ಕಂಟೆಂಟ್ ಡಿಸೈನ್ ಎಂದು ಹೆಸರು, ಮತ್ತು ಆ ಜಗಳ ಬಿಡಿಸುವುದು ನನ್ನ ಉದ್ಯೋಗ. ಶೆಟ್ಟಿಹಳ್ಳಿಯಲ್ಲಿ ರಾಗಿ ಬೆಳೆದು, ಆ ಹೊಲ ಸೈಟುಗಳಾದದ್ದನ್ನೂ ಕಂಡ ನಮ್ಮಮ್ಮ ನೆಂಟರಿಗೆಲ್ಲ, "ಅದೇನೋ ಬರ್ಯಾ ಕೆಲ್ಸ ಅಂತೆ, ದಿನಾ ಬೈಕೊಂಡೇ ಬತ್ತಾಳೆ" ಎಂದು ಹೇಳುತ್ತಾಳೆ. ನನಗೆ ಮೂಗಿನ ತುದಿಯಲ್ಲೇ ಕೋಪ, ಒಪ್ಪಿಕೊಳ್ಳುತ್ತೇನೆ. ಇಪ್ಪತ್ತು ವರ್ಷ ಇನ್ನೊಬ್ಬರು ಬರೆದದ್ದನ್ನು ತಿದ್ದುತ್ತಾ ಕೂತವಳಿಗೆ ಬೇರೆ ಏನು ತಾನೇ ಬಂದೀತು.

ಆ ವರ್ಷ ನಮಗೆ ಸಿಕ್ಕಿದ್ದು ನಾನು ಕಂಡ ಅತಿ ದೊಡ್ಡ ಕೆಲಸ. ಬಸುರಿಯರಿಗೆ ಮೂರನೇ ತಿಂಗಳಿಂದ ಹಿಡಿದು ಕೂಸಿಗೆ ವರ್ಷ ತುಂಬುವವರೆಗೆ, ವಾರವಾರವೂ ಫೋನಿಗೆ ಸಂದೇಶ ಕಳಿಸುವ ವ್ಯವಸ್ಥೆ. ಏನು ತಿನ್ನಬೇಕು, ಯಾವಾಗ ತಪಾಸಣೆಗೆ ಹೋಗಬೇಕು, ಯಾವ ಮಾತ್ರೆ ತಪ್ಪಿಸಬಾರದು, ಹೀಗೆ ಸಾವಿರಗಟ್ಟಲೆ ಸಾಲುಗಳು. ಎಲ್ಲವೂ ಒಂದೇ ಕಂಪ್ಯೂಟರ್ ಪಟ್ಟಿಯಲ್ಲಿ. ಅದನ್ನು ತೆರೆದು ಕೆಳಗೆ ಜಾರಿಸುತ್ತಾ ಹೋದರೆ ಬೆರಳು ಸೋಲುತ್ತಿತ್ತೇ ಹೊರತು ಪಟ್ಟಿ ಮುಗಿಯುತ್ತಿರಲಿಲ್ಲ.

ಒಂದೊಂದು ಸಾಲೂ ಹಲವು ಕೈ ದಾಟುತ್ತಿತ್ತು. ಮೊದಲು ಹೆರಿಗೆ ಡಾಕ್ಟರೊಬ್ಬರು ಹೇಳಬೇಕಾದ ವಿಷಯ ಕೊಡುತ್ತಿದ್ದರು. ನಮ್ಮ ತಂಡದ ಬಾಗಲಕೋಟೆಯ ಹುಡುಗಿ ಅದನ್ನು ಕನ್ನಡದಲ್ಲಿ ಬರೆಯುತ್ತಿದ್ದಳು. ಡಾಕ್ಟರು ಓದಿ ಒಪ್ಪುತ್ತಿದ್ದರು. ಆಮೇಲೆ ಮೇಷ್ಟ್ರು ಭಾಷೆ ನೋಡುತ್ತಿದ್ದರು. ಅವರು ಯಲಹಂಕದ ಶಾಲೆಯೊಂದರಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು, ನಮ್ಮೆಲ್ಲರಿಗಿಂತ ಹಿರಿಯರು. ಅವರ ನಂತರ ಡಿಸೈನರ್ ಸಾಲನ್ನು ಪರದೆಗೆ ಹೊಂದಿಸುತ್ತಿದ್ದ, ಆರ್.ಟಿ. ನಗರದಲ್ಲೇ ಹುಟ್ಟಿ ಬೆಳೆದವನು, ಉದ್ದ ವಾಕ್ಯ ಕಂಡರೆ ಅವನಿಗೆ ಮೈ ಉರಿಯುತ್ತಿತ್ತು. ಕೊನೆಗೆ ನಾನು ಮಾತಿನ ಧಾಟಿ ನೋಡಿ ಹಸಿರು ಬಣ್ಣ ಹಚ್ಚುತ್ತಿದ್ದೆ. ಹಸಿರಾದರೆ ಮುಗಿಯಿತು, ಸಾಲು ಫೋನುಗಳಿಗೆ ಹೊರಡುತ್ತಿತ್ತು. ಬರೀ ಧಾಟಿ ಬದಲಾದರೆ ಡಾಕ್ಟರಿಗೆ ಮತ್ತೆ ತೋರಿಸಬೇಕಾಗಿಲ್ಲ ಎಂದು ನಿಯಮ ಮಾಡಿದ್ದವಳೂ ನಾನೇ. ಕೆಲಸ ಬೇಗ ಸಾಗಲಿ ಎಂದು.

ಹತ್ತು ಜನ ಸೇರಿದ ಕಡೆ ಹಾವು ಸಾಯಲ್ಲ ಎಂಬ ಮಾತಿದೆಯಲ್ಲ, ನಾವು ನಾಲ್ಕೇ ಜನ ಇದ್ದರೂ ಮೊದಲ ಎರಡು ತಿಂಗಳು ಹಾಗೇ ಕಳೆಯಿತು. ಮೇಷ್ಟ್ರು ಸೇರಿಸಿದ ಪದವನ್ನು ಡಿಸೈನರ್ ಕೀಳುತ್ತಿದ್ದ. ಅವನು ಕಿತ್ತದ್ದನ್ನು ಮೇಷ್ಟ್ರು ಮತ್ತೆ ನೆಡುತ್ತಿದ್ದರು. "ಮೂರು ಲೈನ್ ಮೇಲೆ ಹೋದ್ರೆ ಯಾರೂ ಓದಲ್ಲ ಕಣ್ರೀ ಸಾರ್" ಎಂದು ಇವನು, "ಮೂರು ಲೈನಲ್ಲಿ ಬಾಣಂತನ ಮುಗ್ಯಲ್ಲಪ್ಪ" ಎಂದು ಅವರು. ನಡುವೆ ಬಾಗಲಕೋಟೆಯವಳು ಒಂದು ಮಾತೂ ಆಡದೆ ಮುಂದಿನ ಸಾಲು ಬರೆಯುತ್ತಿದ್ದಳು. ಅವಳ ಸಾಲುಗಳಲ್ಲಿ ಒಂದು ಗುಣವಿತ್ತು. ಓದಿದರೆ ಎದುರಿಗೆ ಯಾರೋ ನಿಂತು ಹೇಳಿದ ಹಾಗಿರುತ್ತಿತ್ತು. ಇಪ್ಪತ್ತು ವರ್ಷದಲ್ಲಿ ನನಗೆ ಅದು ಬಂದಿಲ್ಲ. ಮೂವತ್ತೂ ತುಂಬದವಳಿಗೆ ಹೇಗೆ ಬಂತೋ.

ಒಂದು ಸೋಮವಾರ ಅವಳು ಪೇಢೆಯ ಡಬ್ಬಿ ತಂದು ಎಲ್ಲರ ಮುಂದೆ ಹಿಡಿದಳು. ಬಸುರಿಯರಿಗೆ ಬರೆಯುತ್ತಿದ್ದವಳೇ ಬಸುರಿಯಾಗಿದ್ದಳು. ಮೇಷ್ಟ್ರಂತೂ ಸ್ವಂತ ಮಗಳ ಸುದ್ದಿ ಕೇಳಿದಷ್ಟು ಹಿಗ್ಗಿದರು. "ಈಗ ನೋಡ್ರಿ, ನಾನ ಬರದು ನಾನ ಓದೂದು" ಎಂದು ಅವಳು ನಕ್ಕು, ತನ್ನ ಫೋನ್ ನಂಬರನ್ನೂ ನಮ್ಮ ಪ್ರಯೋಗದ ಪಟ್ಟಿಗೆ ಸೇರಿಸಿಕೊಂಡಳು. ಅಷ್ಟರಲ್ಲಿ ಚಿಕ್ಕಜಾಲ, ಅಬ್ಬಿಗೆರೆ ಕಡೆಯ ಕೆಲವು ಬಸುರಿಯರಿಗೆ ಸಂದೇಶ ಹೋಗಲು ಶುರುವಾಗಿತ್ತು. ಅವರ ಜೊತೆ ಅವಳಿಗೂ ವಾರವಾರ ಬರತೊಡಗಿತು.

ಏಳನೇ ತಿಂಗಳಲ್ಲಿ ಆಫೀಸಿನಲ್ಲೇ ಅವಳಿಗೆ ಕುಬಸ, ನಮ್ಮ ಕಡೆಯ ಸೀಮಂತ, ಮಾಡಿದೆವು. ಮಾಲೀಕರ ಮನೆಯವರು ಮೇಲಿಂದ ಹಣ್ಣು, ಹೂವು ತಂದರು. ನಾನು ಎರಡೂ ಕೈಗೆ ಹಸಿರು ಬಳೆ ತೊಡಿಸಿದೆ. ಆಮೇಲಿಂದ ಅವಳು ಟೈಪ್ ಮಾಡಿದರೆ ಇಡೀ ಮಹಡಿಗೆ ಬಳೆ ಸದ್ದು ಕೇಳಿಸುತ್ತಿತ್ತು.

ಅದೇ ಹೊತ್ತಿಗೆ ನಾವು ಅಪಾಯದ ಸಾಲುಗಳಿಗೆ ಬಂದಿದ್ದೆವು. ಒಟ್ಟು ಮೂವತ್ತೊಂದು. ಬಸುರಿನಲ್ಲಿ, ಹೆರಿಗೆಯ ಆಸುಪಾಸಿನಲ್ಲಿ ಏನೇನು ಕೆಡಬಹುದು, ಕೆಟ್ಟರೆ ಕೂಡಲೇ ಏನು ಮಾಡಬೇಕು ಎಂದು ಹೇಳುವ ಸಾಲುಗಳು. ಅವಳು ಎಂದಿನಂತೆ ನೇರವಾಗಿ ಬರೆದಿದ್ದಳು. ಡಾಕ್ಟರು ಒಂದಕ್ಷರ ಮುಟ್ಟದೆ ಒಪ್ಪಿದ್ದರು.

ನಮ್ಮ ಕಡೆ ಬಸುರಿಯ ಮುಂದೆ ಕೆಟ್ಟ ಮಾತು ಆಡುವುದಿಲ್ಲ. ಸಾವು, ನೋವು ಬಾಯಿಗೆ ಬಂದರೆ ಮನೆಯ ಹಿರಿಯರು ತಕ್ಷಣ "ಬಿಡ್ತು ಅನ್ನು" ಎನ್ನುತ್ತಾರೆ. ಮೇಲೆ ಅಸ್ತು ದೇವತೆಗಳು ಓಡಾಡುತ್ತಿರುತ್ತಾರೆ, ಆಡಿದ ಮಾತಿಗೆ ಅಸ್ತು ಎಂದುಬಿಟ್ಟರೆ ಏನು ಗತಿ. ಸೋಮವಾರದ ಸಭೆಯಲ್ಲಿ ಸಾಲುಗಳನ್ನು ಜೋರಾಗಿ ಓದುವುದು ನಮ್ಮ ರೂಢಿಯಾಗಿತ್ತು. ಅಪಾಯದ ಮೊದಲ ಸಾಲು ಬಂದಾಗ ಮೇಷ್ಟ್ರು ಅವಳ ಹೊಟ್ಟೆಯ ಕಡೆ ನೋಡಿ, ಕೆಮ್ಮಿ, "ಇದನ್ನ ಆಮೇಲೆ ನಾವೇ ನೋಡ್ಕೋತೀವಿ ಬಿಡಮ್ಮ" ಎಂದರು. ನನಗೂ ಅದೇ ಸರಿ ಅನಿಸಿತು. ಅಲ್ಲಿಂದ ಮುಂದೆ ಆ ಮೂವತ್ತೊಂದು ಸಾಲು ಅವಳು ಕೂತಿದ್ದ ಸಭೆಗೆ ಬರಲೇ ಇಲ್ಲ. ಅವಳ ಕಣ್ಣು ತಪ್ಪಿಸಿ, ಒಬ್ಬೊಬ್ಬರೇ ತಿದ್ದಿದೆವು.

ಮೇಷ್ಟ್ರು 'ಜೀವಕ್ಕೆ ಅಪಾಯ' ಎಂದಿದ್ದ ಕಡೆಯಲ್ಲೆಲ್ಲ 'ತೊಂದರೆಯಾಗಬಹುದು' ಎಂದು ಮಾಡಿದರು. ಡಿಸೈನರ್ ಉದ್ದವಾಯಿತೆಂದು ಒಂದೆರಡು ಲಕ್ಷಣ ಕಿತ್ತ. ನನ್ನ ಕೈಗೆ ಬರುವ ಹೊತ್ತಿಗೆ ಸಾಲುಗಳು ಅರ್ಧ ಸೊರಗಿದ್ದವು. ಅದೇ ವಾರ ಚಿಕ್ಕಜಾಲದಲ್ಲಿ ಒಬ್ಬ ಬಸುರಿಗೆ ಹಳೆಯ ಸಾಲೊಂದನ್ನು ಓದಿಸಿದ್ದೆವು. ಅವಳು ಓದುತ್ತಾ ಅತ್ತುಬಿಟ್ಟಳು, ಅವಳ ಅತ್ತೆ ಫೋನ್ ಕಸಿದುಕೊಂಡು, "ಇಂಗೆಲ್ಲ ಎದ್ರಿಸಿದ್ರೆ ಮಗಾಗೆ ಒಳ್ಳೇದಾ" ಎಂದು ನನ್ನನ್ನೇ ಕೇಳಿದರು. ಅದು ನನ್ನ ಮನಸ್ಸಿಗೆ ತಟ್ಟಿತು. ಬಂದವಳೇ ಕೂತು, 'ಈಗಲೇ ಹೊರಡಿ' ಎಂದಿದ್ದ ಕಡೆಯಲ್ಲೆಲ್ಲ 'ವಿಶ್ರಾಂತಿ ಪಡೆಯಿರಿ, ಕಡಿಮೆಯಾಗದಿದ್ದರೆ ವೈದ್ಯರನ್ನು ಕಾಣಿ' ಎಂದು ಬರೆದೆ. ಹಸಿರು ಹಚ್ಚಿದೆ. ಒಳ್ಳೆಯ ಕೆಲಸ ಮಾಡಿದೆನೆಂಬ ತೃಪ್ತಿಯಲ್ಲಿ ಅವತ್ತು ಬೇಗ ಮನೆಗೆ ಹೋದೆ ಎನ್ನುವುದು ಈಗಲೂ ನೆನಪಿದೆ.

ಎಂಟನೇ ತಿಂಗಳ ಕೊನೆಗೆ ಅವಳು ಊರಿಗೆ ಹೊರಡುವುದಿತ್ತು. ಮೊದಲ ಹೆರಿಗೆ ತವರಿನಲ್ಲಿ. ಯಶವಂತಪುರದಿಂದ ಶನಿವಾರ ಸಂಜೆ ರೈಲು, ಇಡೀ ರಾತ್ರಿಯ ದಾರಿ. ಗಂಡ ಪೀಣ್ಯದ ಕಾರ್ಖಾನೆಯಲ್ಲಿ ರಜೆ ಕೇಳಿಕೊಂಡಿದ್ದ. ಇಲ್ಲಿನ ಕೊನೆಯ ತಪಾಸಣೆ ಮೂರು ವಾರದ ಹಿಂದೆ ಆಗಿತ್ತು, ಆಗ ಎಲ್ಲ ಸರಿಯಾಗಿತ್ತು. ಮುಂದಿನದು ಬಾಗಲಕೋಟೆಯಲ್ಲೇ ಎಂದುಕೊಂಡಿದ್ದಳು.

ಹೊರಡುವ ವಾರ, ಬುಧವಾರ, ನನ್ನ ಮೇಜಿನ ಹತ್ತಿರ ಬಂದು ಫೋನ್ ಮುಂದಿಟ್ಟಳು. ಆ ವಾರ ಅವಳಿಗೆ ಬಂದಿದ್ದ ಸಂದೇಶ ಅದು: 'ಮಗುವಿನ ಆಟ ಕೆಲವೊಮ್ಮೆ ಕಡಿಮೆ ಅನಿಸಬಹುದು. ಗಾಬರಿ ಬೇಡ. ಮುಂದಿನ ತಪಾಸಣೆಯಲ್ಲಿ ವೈದ್ಯರಿಗೆ ತಿಳಿಸಿ.'

"ಇದು ನಾ ಬರದಿದ್ದಲ್ರಿ ಅಕ್ಕಾರ," ಎಂದಳು.

ಅವಳು ಬರೆದಿದ್ದದ್ದು 'ನಾಳೆಯವರೆಗೆ ಕಾಯಬೇಡಿ, ಈಗಲೇ ಆಸ್ಪತ್ರೆಗೆ ಹೋಗಿ' ಎಂದು. ನಾನು ಏನೋ ಸಮಜಾಯಿಷಿ ಹೇಳಿದೆ. ಜನ ಹೆದರ್ತಾರೆ, ಧಾಟಿ ಸ್ವಲ್ಪ ನೋಡ್ಕೋಬೇಕಾಗುತ್ತೆ, ಹೀಗೆಲ್ಲ. ಅವಳು ವಾದಿಸಲಿಲ್ಲ.

"ನಾ ಊರಿಗೆ ಹೋಗೂದರೊಳಗ ಅಪಾಯದ ಸಾಲು ಎಲ್ಲಾ ಒಂದ್ಸಲ ಜೋರಾಗಿ ಓದೂಣ್ರಿ. ಮೊದಲ ನಾ ಬರದಿದ್ದು, ಆಮ್ಯಾಲ ಈಗ ಇರೂದು. ಎಲ್ಲಾರೂ ಕೂಡೇ ಓದೂಣು."

ಬೇಡ ಎನ್ನಲು ನನ್ನ ಹತ್ತಿರ ಕಾರಣವಿರಲಿಲ್ಲ. ಇದ್ದ ಕಾರಣ ಅವಳ ಹೊಟ್ಟೆಯಲ್ಲಿತ್ತು, ಅದನ್ನು ಅವಳ ಮುಂದೆ ಹೇಳುವಂತಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ಊಟವಾದ ಮೇಲೆ ನಾಲ್ವರೂ ಸಭೆಯ ಕೋಣೆಯಲ್ಲಿ ಕೂತೆವು. ಅವಳು ನನ್ನನ್ನು ತನ್ನ ಪಕ್ಕದ ಕುರ್ಚಿಗೇ ಕರೆದಳು. ಪಟ್ಟಿಯಿಂದ ಹಳೆಯ ಸಾಲುಗಳನ್ನು ಹೆಕ್ಕಿ, ಹೊಸವುಗಳ ಪಕ್ಕ ಜೋಡಿಸಿ ಕಾಗದದ ಮೇಲೆ ಮುದ್ರಿಸಿ ತಂದಿದ್ದಳು. ಓದಲು ಪುರುಸೊತ್ತಾಗಿಲ್ಲ, ತಲೆ ಸಿಡೀತೈತಿ, ಬರೀ ಅಂಟಿಸಿಕೊಂಡು ಬಂದೇನಿ ಎಂದಳು. ನಮ್ಮ ಆಫೀಸಿನಲ್ಲಿ ತಲೆ ಸಿಡಿಯದವರು ಯಾರಿದ್ದಾರೆ. ಇಡೀ ದಿನ ಪರದೆ ನೋಡುವವರಿಗೆ ತಲೆನೋವು ಸಂಬಳದ ಜೊತೆಗೇ ಬರುತ್ತದೆ. ನಾನು ಗಮನ ಕೊಡಲಿಲ್ಲ.

ಮೊದಲ ಸಾಲನ್ನು ಓದಲು ಮೇಷ್ಟ್ರಿಗೆ ಕೊಟ್ಟಳು. ಅವರು ಕನ್ನಡಕ ಸರಿ ಮಾಡಿಕೊಂಡು 'ರಕ್ತಸ್ರಾವ' ಎನ್ನುವವರೆಗೆ ಬಂದು ನಿಂತರು. ಮತ್ತೆ ಮೊದಲಿಂದ ಶುರುಮಾಡಿ ಮತ್ತೆ ಅಲ್ಲೇ ನಿಂತರು. ಮೂವತ್ತು ವರ್ಷ ತರಗತಿಯಲ್ಲಿ ಪಾಠ ಓದಿದ ದನಿ ಅದು.

"ನನ್ ಕೈಲಾಗಲ್ಲಮ್ಮ," ಎಂದು ಕಾಗದ ಕೆಳಗಿಟ್ಟರು. "ನಿನ್ನ ಮುಂದೆ ಇದನ್ನ ಓದಕ್ಕೆ ನನ್ ಕೈಲಾಗಲ್ಲ."

ಅವಳು ಡಿಸೈನರ್ ಕಡೆ ನೋಡಿದಳು. ಅವನು ಗಡ್ಡ ಕೆರೆದುಕೊಳ್ಳುತ್ತಾ, "ಬೇಡ ಗುರು, ನಂಗೂ ಒಂಥರಾ ಆಗ್ತಿದೆ" ಎಂದ. ನನ್ನ ಕಡೆ ನೋಡಿದಳು. ಎಲ್ಲರ ಮೇಲೂ ರೇಗುವ ಬಾಯಿ ನನ್ನದು, ಅವತ್ತು ಅದಕ್ಕೆ ಬೀಗ ಬಿದ್ದಿತ್ತು.

"ಹಂಗಾರ ನಾನ ಓದ್ತೀನ್ರಿ," ಎಂದು ಅವಳೇ ಕಾಗದ ತೆಗೆದುಕೊಂಡಳು.

ಆ ಓದನ್ನು ನಾನು ಮರೆಯುವುದು ಸಾಧ್ಯವಿಲ್ಲ. ಒಂದು ಕೈ ಹೊಟ್ಟೆಯ ಮೇಲಿಟ್ಟುಕೊಂಡು, ಅಡುಗೆ ಹೇಳಿಕೊಡುವವರ ದನಿಯಲ್ಲಿ, ಅವಸರವಿಲ್ಲದೆ ಓದಿದಳು. ರಕ್ತ ಹೋಗುವುದು, ನೀರು ಹೋಗುವುದು, ಜ್ವರ, ಮಗು ಆಡದಿರುವುದು, ಜೀವಕ್ಕೆ ಅಪಾಯ, ಮಗುವಿನ ಜೀವಕ್ಕೆ ಅಪಾಯ. ನಾವು ಮೂವರು ಬಾಯಲ್ಲಿ ತರಲು ಹೆದರಿದ ಮಾತುಗಳನ್ನೆಲ್ಲ, ಯಾರಿಗೆ ತಗಲೀತು ಎಂದು ಹೆದರಿದ್ದೆವೋ ಅವಳೇ, ಒಂದೊಂದನ್ನೂ ಪೂರ್ತಿಯಾಗಿ ಉಚ್ಚರಿಸಿದಳು. ಹಳೆಯ ಸಾಲು ಓದುವುದು, ಒಂದು ಕ್ಷಣ ನಿಲ್ಲುವುದು, ಹೊಸ ಸಾಲು ಓದುವುದು. ಬೈಗುಳವಿಲ್ಲ, ಟೀಕೆಯಿಲ್ಲ. ಹೊಸ ಸಾಲುಗಳು ಕಿವಿಗೆ ಬೀಳುತ್ತಿದ್ದಂತೆ ನನಗೆ ನಾಚಿಕೆಯಾಗತೊಡಗಿತು. ಎಲ್ಲವೂ ಒಂದೇ ಥರ ಸವೆದಿದ್ದವು. ಯಾರು ಯಾರಿಗೆ ಹೇಳುತ್ತಿದ್ದಾರೆಂಬುದೇ ತಿಳಿಯುತ್ತಿರಲಿಲ್ಲ. ಇಷ್ಟು ಧೈರ್ಯವನ್ನು ನಾನು ಅಷ್ಟು ಹತ್ತಿರದಿಂದ ಎಂದೂ ಕಂಡಿರಲಿಲ್ಲ.

ಹತ್ತೊಂಬತ್ತನೆಯ ಸಾಲಿಗೆ ಬಂದಳು.

"ತಲೆ ಒಡೆಯುವಂತೆ ನೋಯುತ್ತಿದೆಯೇ? ಕಣ್ಣು ಮಂಜಾಗುತ್ತಿದೆಯೇ? ಮುಖ, ಕೈ ಊದಿವೆಯೇ? ಇದು ಆಯಾಸವಲ್ಲ. ಈಗಲೇ ಆಸ್ಪತ್ರೆಗೆ ಹೊರಡಿ. ತಡಮಾಡಿದರೆ ನಿಮ್ಮ ಜೀವಕ್ಕೂ ಮಗುವಿನ ಜೀವಕ್ಕೂ ಅಪಾಯ."

ಅಲ್ಲಿ ನಿಂತಳು. ಹೊಸ ಸಾಲನ್ನು ಓದಲಿಲ್ಲ. ಹಳೆಯದನ್ನೇ ಇನ್ನೊಂದು ಸಲ, ಈಗ ತುಟಿಯಲ್ಲೇ ಓದಿಕೊಂಡಳು. ಆಮೇಲೆ ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು, ದೂರ ಹಿಡಿದು ನೋಡಿದಳು.

"ಅಕ್ಕಾರ," ಎಂದಳು, "ಇದು ನನಗ ಐತ್ರಿ."

"ಏನು?"

"ಮೂರು ದಿನಾ ಆತು. ಪರದೆ ನೋಡೂದಕ್ಕ ಅಂತ ತಿಳ್ಕೊಂಡಿದ್ದೆ."

ಅವಳ ಕೈ ಮೇಜಿನ ಮೇಲಿತ್ತು. ನಾನೇ ತೊಡಿಸಿದ್ದ ಬಳೆಗಳು ಮಣಿಕಟ್ಟಿಗೆ ಕಚ್ಚಿಕೊಂಡು ಕೂತಿದ್ದವು, ಸುತ್ತ ಚರ್ಮ ಉಬ್ಬಿತ್ತು. ಕೆಲವು ದಿನದಿಂದ ಬಳೆ ಸದ್ದು ಕೇಳಿಸುತ್ತಿಲ್ಲ ಎಂಬುದು ಆಗ ಹೊಳೆಯಿತು. ಪಕ್ಕದಲ್ಲೇ ಇದ್ದ ನಾವು ಮೂವರೂ ಅದನ್ನು ನೋಡಿರಲಿಲ್ಲ. ನಾವು ಕೆಟ್ಟ ಮಾತನ್ನು ಅವಳಿಂದ ಮುಚ್ಚಿಡುವ ಕೆಲಸದಲ್ಲಿದ್ದೆವು.

ಮುಂದಿನ ಸಾಲುಗಳು ಹಾಗೇ ಉಳಿದವು. ನನ್ನ ಕಾರಿನಲ್ಲಿ ಹೊರಟೆವು. ಅವಳ ಹೆಸರು ಬರೆಸಿದ್ದ ಆಸ್ಪತ್ರೆ ಆರ್.ಟಿ. ನಗರದಲ್ಲಿ, ನಡುವೆ ಹೆಬ್ಬಾಳದ ಫ್ಲೈಓವರ್. ಮಧ್ಯಾಹ್ನ ಮೂರು ಗಂಟೆಗೂ ಅಲ್ಲಿ ಗಾಡಿಗಳು ಬಂಪರಿಗೆ ಬಂಪರ್ ತಾಗಿಸಿ ನಿಂತಿದ್ದವು. ಡಿಸೈನರ್ ತನ್ನ ಬೈಕಿನಲ್ಲಿ ಮುಂದೆ ಹೋಗಿ, ಒಬ್ಬೊಬ್ಬ ಡ್ರೈವರಿನ ಕಿಟಕಿ ತಟ್ಟಿ, "ಅಣ್ಣಾ, ಬಸುರಿ ಇದಾರೆ, ಸ್ವಲ್ಪ ಎಡಕ್ಕೆ ತಗೊಳ್ಳಿ" ಎಂದು ಕೇಳಿಕೊಳ್ಳುತ್ತಾ ದಾರಿ ಮಾಡಿದ. ಯಾರೂ ಇಲ್ಲ ಎನ್ನಲಿಲ್ಲ. ದಿನವೂ ಒಬ್ಬರಿಗೊಬ್ಬರು ಬೈದುಕೊಂಡು ಹೋಗುವ ಆ ರಸ್ತೆಯಲ್ಲಿ ಒಂದು ಬಸ್ಸು, ಎರಡು ಲಾರಿ, ಲೆಕ್ಕವಿಲ್ಲದಷ್ಟು ಟ್ಯಾಕ್ಸಿಗಳು ಇಂಚಿಂಚೇ ಸರಿದು ಜಾಗ ಬಿಟ್ಟವು. ಹಿಂದಿನ ಸೀಟಿನಲ್ಲಿ ಮೇಷ್ಟ್ರು ಅವಳ ತಲೆಗೆ ತಮ್ಮ ಶಲ್ಯ ಮಡಿಸಿ ದಿಂಬಿನ ಹಾಗೆ ಇಟ್ಟು ಕೂತಿದ್ದರು.

ನಾನು ಸ್ಪೀಕರಿನಲ್ಲಿ ಅವಳ ಗಂಡನಿಗೆ ಫೋನ್ ಮಾಡಿದೆ. "ಏನಿಲ್ಲ, ಗಾಬರಿ ಆಗ್ಬೇಡಿ, ಸ್ವಲ್ಪ ತಲೆನೋವು ಅಂತ..." ಎಂದು ಶುರುಮಾಡಿದೆ. ಆ ಹೊತ್ತಿನಲ್ಲೂ ನನ್ನ ಬಾಯಿಂದ ಬಂದದ್ದು ಅದೇ ಧಾಟಿ. ಹಿಂದಿನಿಂದ ಅವಳ ದನಿ ಬಂತು.

"ರೀ, ಕೇಳ್ರಿಲ್ಲೆ. ನನ್ನ ಬಿ.ಪಿ. ಏರಿರಬೇಕು. ಕೈ ಊದ್ಯಾವು, ಕಣ್ಣು ಮಂಜಾಗ್ಯಾವು. ನನಗೂ ಕೂಸಿಗೂ ಅಪಾಯ ಐತಿ. ಮನೀಗೆ ಹೋಗಬ್ಯಾಡ್ರಿ, ಸೀದಾ ದವಾಖಾನಿಗೆ ಬರ್ರಿ."

ಅವನು "ಹ್ಞೂಂ, ಬಂದೆ" ಎಂದಷ್ಟೇ ಹೇಳಿ ಫೋನ್ ಇಟ್ಟ. ಅವಳು ಹೇಳಿದ್ದರಲ್ಲಿ ಅವನು ಇನ್ನೊಂದು ಪ್ರಶ್ನೆ ಕೇಳುವಂಥದ್ದು ಏನೂ ಉಳಿದಿರಲಿಲ್ಲ. ನಾನು ಹೇಳಿದ್ದರೆ ಅವನು ಡ್ಯೂಟಿ ಮುಗಿಸಿ, ಮನೆಗೆ ಹೋಗಿ, ಬಟ್ಟೆ ಬದಲಾಯಿಸಿ ಬರುತ್ತಿದ್ದ.

ಆಸ್ಪತ್ರೆಯಲ್ಲಿ ನರ್ಸ್ ಬಿ.ಪಿ. ನೋಡಿದಳು. ನಂಬದೆ ಇನ್ನೊಂದು ತೋಳಿಗೂ ಕಟ್ಟಿ ನೋಡಿದಳು. ಆಮೇಲೆ ಓಡಾಟ ಶುರುವಾಯಿತು. ಫಿಟ್ಸ್ ಬಾರದಂತೆ ತಡೆಯುವ ಔಷಧ ಕೊಟ್ಟರು. ಡ್ಯೂಟಿ ಡಾಕ್ಟರ್ ನಮ್ಮನ್ನು ಹೊರಗೆ ಕಳಿಸುತ್ತಾ ಟಿಕೆಟಿನ ವಿಷಯ ಕೇಳಿ, "ನಾಳೆ ರೈಲಾ?" ಎಂದರು. ಆ ರೈಲು ಯಶವಂತಪುರ ಬಿಟ್ಟರೆ ನಡುರಾತ್ರಿ ಯಾವ ಬಯಲಿನಲ್ಲಿ ಇರುತ್ತಿತ್ತು ಎಂದು ನಾನು ಹೊರಗಿನ ಬೆಂಚಿನಲ್ಲಿ ಕೂತು ಯೋಚಿಸಿದೆ.

ಸಂಜೆ ಅಲ್ಲೇ ಬೆಂಚಿನಲ್ಲಿ ಫೋನ್ ತೆರೆದು ಹತ್ತೊಂಬತ್ತನೆಯ ಸಾಲನ್ನು ಅವಳು ಬರೆದಂತೆಯೇ ಮತ್ತೆ ಹಾಕಿದೆ. ಹಸಿರು ಹಚ್ಚಿದೆ. ಉಳಿದವನ್ನು ಸೋಮವಾರ ಎಲ್ಲರೂ ಕೂತು ನೋಡೋಣ ಎಂದುಕೊಂಡೆ. ಸೋಮವಾರ ನಾನು ಆಫೀಸಿಗೇ ಹೋಗಲಿಲ್ಲ.

ಏಕೆಂದರೆ ಭಾನುವಾರ ಬೆಳಿಗ್ಗೆ ಅವಳ ಬಿ.ಪಿ. ಔಷಧಕ್ಕೂ ಬಗ್ಗಲಿಲ್ಲ. ಆಪರೇಷನ್ ಮಾಡಿ ಕೂಸನ್ನು ತೆಗೆದರು. ಹೆಣ್ಣು. ದಿನ ತುಂಬದ ಕೂಸು, ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಬಾಗಲಕೋಟೆಯಿಂದ ಅವಳ ತಾಯಿ ಇನ್ನೂ ಬಂದು ತಲುಪಿರಲಿಲ್ಲ, ಗಂಡ ಅವಳ ಹತ್ತಿರ ನಿಂತಿದ್ದ, ಹಾಗಾಗಿ ಕೂಸನ್ನು ನೋಡಲು ನನ್ನನ್ನು ಒಳಗೆ ಬಿಟ್ಟರು. ಮೊಣಕೈವರೆಗೆ ಕೈ ತೊಳೆಸಿದರು, ಟೋಪಿ ಹಾಕಿಸಿದರು. ನನ್ನ ಅಂಗೈಯಿಂದ ಶುರುವಾಗಿ ಮೊಣಕೈ ಮುಟ್ಟುವ ಮೊದಲೇ ಮುಗಿದುಹೋಗುವಷ್ಟು ಜೀವ. ಎದೆ ಹಾರುತ್ತಿತ್ತು. ಒಂದೊಂದು ಉಸಿರಿಗೂ ಆ ಪುಟ್ಟ ಹೊಟ್ಟೆ ಒಳಗೆ ಹೋಗಿ ಮತ್ತೆ ಮೇಲೆ ಬರುತ್ತಿತ್ತು, ಯಾರೂ ಹೇಳಿಕೊಟ್ಟಿಲ್ಲ, ತಾನೇ. ನರ್ಸ್ ಪೆಟ್ಟಿಗೆಯ ಕಿಂಡಿಯಿಂದ ಬೆರಳು ಒಳಗಿಡಲು ಹೇಳಿದಳು. ಕೂಸು ಹಿಡಿದುಕೊಂಡಿತು. ನಾನು ದೇವರಿಗೆ ಹೆಚ್ಚು ಕೈ ಮುಗಿದವಳಲ್ಲ. ಅವತ್ತು ಆ ಕೋಣೆಯಲ್ಲಿ, ಬೆರಳು ಬಿಡಿಸಿಕೊಳ್ಳಲು ಮನಸ್ಸಿಲ್ಲದೆ, ಬೆರಗಾಗಿ ನಿಂತುಬಿಟ್ಟೆ. ಒಂದು ಸಾಲು. ಮೂರು ಪ್ರಶ್ನೆ, ಒಂದು ಆಜ್ಞೆ. ಅದು ಸರಿಯಾದ ಹೊತ್ತಿಗೆ ಸರಿಯಾದ ಕಿವಿಗೆ ಬಿದ್ದರೆ ಇಷ್ಟಾಗುತ್ತದೆ. ಇಪ್ಪತ್ತು ವರ್ಷ ನಾನು ಯಾವ ಕೆಲಸ ಮಾಡುತ್ತಿದ್ದೆನೆಂದು ನನಗೇ ಆವತ್ತು ಗೊತ್ತಾಯಿತು.

ಅದರ ಜೊತೆಗೇ ಇನ್ನೊಂದೂ ಇತ್ತು. ಆ ಸಾಲಿನಿಂದ 'ಈಗಲೇ ಹೊರಡಿ' ಎಂಬುದನ್ನು ತೆಗೆದ ಕೈಯೂ ಇದೇ. ಇದೇ ಬೆರಳು.

ಬುಧವಾರದ ಹೊತ್ತಿಗೆ ಅವಳನ್ನು ವಾರ್ಡಿಗೆ ತಂದಿದ್ದರು. ಉದ್ದನೆಯ ವಾರ್ಡು, ಎಂಟು ಹಾಸಿಗೆ, ಎಂಟರಲ್ಲೂ ಹೆಂಗಸರು. ಊಟದ ಹೊತ್ತು. ಅವಳ ತಾಯಿ ಬಂದಿದ್ದರು, ಮಗಳಿಗೆ ಗಂಜಿ ಕುಡಿಸಿ ಪಾತ್ರೆ ತೊಳೆಯಲು ಹೋಗಿದ್ದರು. ಮುಖದ ಊತ ಇಳಿದು ಅವಳು ಮತ್ತೆ ಅವಳೇ ಆಗಿದ್ದಳು. ಕೂಸು ಹಾಲು ಅರಗಿಸಿಕೊಳ್ಳುತ್ತಿದೆಯಂತೆ, ಎರಡು ವಾರದಲ್ಲಿ ಕೈಗೆ ಕೊಡುತ್ತಾರಂತೆ. ಮೇಷ್ಟ್ರು ಹಿಂದಿನ ದಿನ ಬಂದು ಹೋಗಿದ್ದರಂತೆ, ಮನೆಯಲ್ಲಿ ಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡು ಮೂವತ್ತೊಂದು ಸಾಲನ್ನೂ ಜೋರಾಗಿ ಓದಿದ್ದಾಗಿ ಹೇಳಿದರಂತೆ. ನಾನು ಎಲ್ಲ ಕೇಳಿಸಿಕೊಂಡೆ. ಆಮೇಲೆ ಐದು ದಿನದಿಂದ ಒಳಗೇ ಇಟ್ಟುಕೊಂಡಿದ್ದನ್ನು ಹೇಳಿದೆ.

"ಆ ಸಾಲು ಬದಲಾಯ್ಸಿದ್ದು ನಾನು ಕಣಮ್ಮ. ಮೇಷ್ಟ್ರಲ್ಲ, ಡಿಸೈನರ್ ಅಲ್ಲ. ರೆಸ್ಟ್ ತಗೊಳ್ಳಿ ಅಂತ ಬರ್ದಿದ್ದು ನಾನು."

ಅಳು ಬರುತ್ತಿತ್ತು.

"ಗೊತ್ತೈತ್ರಿ ಅಕ್ಕಾರ. ಪಟ್ಟಿಯೊಳಗ ಒಂದೊಂದ ಸಾಲಿಗೂ ಯಾರು ಬದಲ ಮಾಡ್ಯಾರ ಅಂತ ಹೆಸರ ಇರ್ತೈತಲ್ರಿ. ಹಳೇದು ಹುಡುಕೂವಾಗ ಕಂಡಿತ್ತು. ಅದಕ್ಕ ಅವತ್ತ ನಿಮ್ಮನ್ನ ಬಾಜೂಕ ಕೂಡಿಸ್ಕೊಂಡಿದ್ದೆ. ಕಿವಿಗೆ ಬಿದ್ರ ನಿಮಗ ತಿಳೀತೈತಿ ಅಂತ ನನಗ ಗೊತ್ತಿತ್ತು."

ಗೊತ್ತಿದ್ದೂ ಅವಳು ಆ ಕೋಣೆಯಲ್ಲಿ ಯಾರ ಹೆಸರೂ ಎತ್ತಿರಲಿಲ್ಲ. ಕಾರಿನಲ್ಲಿ ಎತ್ತಿರಲಿಲ್ಲ. ಆಪರೇಷನ್ನಿಗೆ ಕರೆದುಕೊಂಡು ಹೋಗುವಾಗ ನನ್ನ ಕೈ ಹಿಡಿದಿದ್ದಳು.

"ಮತ್ತ ಅದೊಂದ ಅಲ್ರಿ," ಎಂದಳು. "ಹನ್ನೊಂದ ಸಾಲು ನಿಮ್ಮ ಹೆಸರಿನಾಗ ಅದಾವು."

"ಹನ್ನೊಂದಾ?"

"ಹ್ಞೂಂ ರಿ. ಆ ಒಂದು ಸರಿ ಮಾಡೀರಿ, ಫೋನಿನಾಗ ನೋಡಿದೆ. ಉಳಿದ ಹತ್ತು ಮಾಡೀರೇನ್ರಿ?"

ಮಾಡಿರಲಿಲ್ಲ. ಶುಕ್ರವಾರದಿಂದ ಬುಧವಾರದವರೆಗೆ, ನಾನು ಬೆಂಚಿನಲ್ಲಿ ಕೂತು ಕಣ್ಣೀರು ಒರೆಸಿಕೊಳ್ಳುತ್ತಿದ್ದಾಗ, ಗಾಜಿನ ಪೆಟ್ಟಿಗೆಯ ಮುಂದೆ ಬೆರಗಾಗಿ ನಿಂತಿದ್ದಾಗ, ಆ ಹತ್ತು ಸಾಲುಗಳು ಚಿಕ್ಕಜಾಲಕ್ಕೂ ಅಬ್ಬಿಗೆರೆಗೂ ಹೋಗುತ್ತಲೇ ಇದ್ದವು. ಗಾಬರಿ ಬೇಡ, ವಿಶ್ರಾಂತಿ ಪಡೆಯಿರಿ, ಮುಂದಿನ ತಪಾಸಣೆಯಲ್ಲಿ ತಿಳಿಸಿ.

"ಇಲ್ಲ," ಎಂದೆ.

ಅವಳು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಹೊಲಿಗೆಯ ನೋವಿಗೆ ಹಲ್ಲು ಕಚ್ಚಿ ಕಾಲನ್ನು ಒಂದು ಬದಿಗೆ ಸರಿಸಿ, ಹಾಸಿಗೆಯ ತುದಿಯಲ್ಲಿ ನನಗೆ ಜಾಗ ಮಾಡಿದಳು.

"ಇಲ್ಲೇ ಕುಂತು ಮಾಡ್ರಿ," ಎಂದಳು. "ಒಂದೊಂದ ಜೋರಾಗಿ ಓದ್ರಿ. ಡಾಕ್ಟರ್ ಒಪ್ಪಿದ್ದು ನನಗ ಬಾಯಿಪಾಠ ಐತಿ, ತಪ್ಪಿದ್ರ ಹೇಳ್ತೀನಿ."

ನಾನು ಕೂತು ಫೋನಿನಲ್ಲಿ ಪಟ್ಟಿ ತೆರೆದೆ. ಅವಳು ಬರೆದಿದ್ದ ಮೊದಲ ಸಾಲು ಹುಡುಕಿ, 'ರಕ್ತಸ್ರಾವ' ಎಂಬ ಮಾತಿನ ಮೇಲೆ ನಿಲ್ಲದೆ ಓದಿದೆ. ಪಕ್ಕದ ಹಾಸಿಗೆಯವಳು ಊಟದ ತಟ್ಟೆ ಕೆಳಗಿಟ್ಟು ನಮ್ಮ ಕಡೆ ತಿರುಗಿ ಕೂತಳು.